ಇಬ್ಬರಿಗೂ ಮೂರನೇ ರ‍್ಯಾಂಕು

ಎರಡನೇ ಪಿಯುಸಿಯಲ್ಲಿ ಒಂದು ದಿನ ನಮ್ಮ ಗಣಿತದ ಮೇಷ್ಟ್ರು ನನ್ನನ್ನೂ ನನ್ನ ಗೆಳತಿಯನ್ನೂ ಒಟ್ಟಿಗೇ ನಿಲ್ಲಿಸಿ ಬೈದರು. ಬೈಗುಳ ಮಾತ್ರ ಬೇರೆ ಬೇರೆ. ಮೊದಲು ನನ್ನ ಉತ್ತರಪತ್ರಿಕೆ ಎತ್ತಿ ಹಿಡಿದು, "ಏನಮ್ಮ ಇದು? ಉತ್ತರ ಸರಿ ಇದೆ, ದಾರಿ ಎಲ್ಲಿ? ಹಾರ್ಕೊಂಡು ಬಂದ್ಯಾ?" ಅಂದರು. ಆಮೇಲೆ ಅವಳದನ್ನು ಎತ್ತಿ, "ನಿಂದು ದಾರಿ ನೋಡಮ್ಮ, ಗುಡಿಸಿ ರಂಗೋಲಿ ಹಾಕ್ದಂಗಿದೆ. ಆದ್ರೆ ಊರು ಸೇರೋದು ಯಾವಾಗ? ಬೆಲ್ ಹೊಡೆದೋಯ್ತಲ್ಲ!" ಅಂದರು. ಇಡೀ ಕ್ಲಾಸು ನಕ್ಕಿತು. ನಾವಿಬ್ಬರೂ ತಲೆ ತಗ್ಗಿಸಿಕೊಂಡು ನಿಂತೆವು. ಅವಳ ಭುಜ ಅಲುಗುತ್ತಿರುವುದು ನನಗೆ ಗೊತ್ತಾಯಿತು. ನೋಡಿದರೆ ಅವಳೂ ನಗುತ್ತಿದ್ದಳು. ನಮಗೆ ಆಗ ಹಾಗೇ, ಯಾವುದಕ್ಕೆ ಬೇಕಾದರೂ ನಗು ಬರುತ್ತಿತ್ತು.

ಇದು ತೊಂಬತ್ತರ ದಶಕದ ನಡುವಿನ ಮಾತು. ಕಾಲೇಜು ಇದ್ದದ್ದು ಶಿಡ್ಲಘಟ್ಟದಲ್ಲಿ. ನಾನು ಮೇಲೂರಿನಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ. ನಮ್ಮದು ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕುವ ಮನೆ. ಅವಳದು ಪೇಟೆಯಲ್ಲಿ, ಗೂಡು ಬೇಯಿಸಿ ನೂಲು ತೆಗೆಯುವ ಮನೆ. ನಮ್ಮ ಮನೆಯಲ್ಲಿ ತೆಲುಗು, ಅವರ ಮನೆಯಲ್ಲಿ ಉರ್ದು, ನಾವಿಬ್ಬರೂ ಸೇರಿದರೆ ಕನ್ನಡ. ಅವಳಿಗೆ ಅಕ್ಷರ ಅಂದರೆ ಪ್ರಾಣ. ಒಂದು ಲೆಕ್ಕಕ್ಕೆ ಒಂದು ಪುಟ, ಪ್ರತಿ ಹಂತಕ್ಕೂ ಕಾರಣ, ಕೊನೆಯಲ್ಲಿ ಉತ್ತರದ ಕೆಳಗೆ ಸ್ಕೇಲಿಟ್ಟು ಎರಡು ಗೆರೆ. ನನಗೆ ಬರೆಯುವುದೇ ಬೇಜಾರು. ಲೆಕ್ಕ ತಲೆಯಲ್ಲೇ ಎಲ್ಲೋ ತಿರುಗಿ ಉತ್ತರವಾಗಿ ಬೀಳುತ್ತಿತ್ತು. ಹೇಗೆ ಬಿತ್ತು ಅಂತ ಕೇಳಿದರೆ ನನಗೂ ಗೊತ್ತಿರಲಿಲ್ಲ.

ಪಿಯುಸಿ ಪರೀಕ್ಷೆ ಮುಗಿದ ಮೇಲೆ ಸಿಇಟಿಗೆ ಓದುವ ರಜೆ ಬಂತು. ಇಂಜಿನಿಯರಿಂಗ್, ಮೆಡಿಕಲ್ ಸೀಟು ಬೇಕಾದರೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿಸಿ ರ‍್ಯಾಂಕು ಕೊಡುತ್ತಿದ್ದರು. ಸಿಇಟಿಯಲ್ಲಿ ಬರೆಯುವ ಹಾಗೇ ಇಲ್ಲ. ಒಂದು ಪ್ರಶ್ನೆ, ನಾಲ್ಕು ಉತ್ತರ, ಸರಿಯಾದದ್ದರ ಗುಂಡಿಗೆ ಕಪ್ಪು ತುಂಬಿಸಿ ಮುಂದಕ್ಕೆ ಹೋಗುತ್ತಿರಬೇಕು. ಇದನ್ನು ಕೇಳಿದಾಗ ನನಗೆ ಆದ ಸಂತೋಷ ಹೇಳತೀರದು. ಬರೆಯೋ ಹಾಗಿಲ್ಲ! ಸರ್ಕಾರ ನನ್ನನ್ನೇ ನೋಡಿಕೊಂಡು ಈ ಪರೀಕ್ಷೆ ಮಾಡಿದೆಯೇನೋ ಅನ್ನಿಸಿತು. ಅವಳ ಮುಖ ಮಾತ್ರ ಸಣ್ಣಗಾಯಿತು.

"ಹಂಗಾದ್ರೆ ಸ್ಟೆಪ್ಸ್‌ಗೆ ಮಾರ್ಕ್ಸು?"

"ಇಲ್ವೇ ಇಲ್ಲ ಕಣೇ."

"ಒಂದೂ?"

"ಒಂದೂ ಇಲ್ಲ."

ಅವಳು, "ಅನ್ಯಾಯ ಅಲ್ವೇನೇ ಇದು?" ಅಂದಳು.

ಆ ಬೇಸಿಗೆಯೆಲ್ಲ ನಾನು ಅವಳ ಮನೆ ಮಹಡಿಯಲ್ಲೇ ಇದ್ದೆ. ಕೆಳಗೆ ನೂಲು ತೆಗೆಯುವ ಚರಕಗಳ ಸದ್ದು, ಬೆಂದ ಗೂಡಿನ ಘಾಟು. ಮೇಲೆ ನಾವಿಬ್ಬರು, ಅವಳಪ್ಪ ಬೆಂಗಳೂರಿನಿಂದ ತಂದುಕೊಟ್ಟ ದಪ್ಪ ಗೈಡು, ಮತ್ತೆ ಮಂಚದ ಮೇಲೆ ಅವಳ ದಾದಿ. ದಾದಿ ಅಂದರೆ ಅವಳ ಅಪ್ಪನ ತಾಯಿ. ಅವರಿಗೆ ಕಣ್ಣು ಮಂಜು, ಓದು ಬರದು, ಆದರೆ ನಾವು ಕೇಳಿಕೊಳ್ಳುವ ಪ್ರಶ್ನೆಗಳನ್ನೆಲ್ಲ ಗಮನವಿಟ್ಟು ಕೇಳುತ್ತಿದ್ದರು. ಒಂದು ಮಧ್ಯಾಹ್ನ ಅವಳು ರಸಾಯನಶಾಸ್ತ್ರದ ಪ್ರಶ್ನೆ ಓದಿ ನಾಲ್ಕು ಉತ್ತರ ಹೇಳಿ, ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ಮಂಚದಿಂದ "ಸೀ!" ಅಂತ ಧ್ವನಿ ಬಂತು. ಗೈಡಿನ ಕೊನೆಯ ಉತ್ತರಗಳ ಪುಟ ತಿರುಗಿಸಿ ನೋಡಿದರೆ ಸೀ ಸರಿ.

ಅಷ್ಟೇ. ಅವತ್ತು ನಮ್ಮ ಓದು ಹಾಳಾಯಿತು. ಒಂದು ಹಳೆ ಪ್ರಶ್ನೆಪತ್ರಿಕೆಯನ್ನು ಪೂರ್ತಿ ದಾದಿಯ ಕೈಲಿ ಮಾಡಿಸಿದೆವು. ಪ್ರಶ್ನೆ ಓದುವುದು, ದಾದಿ ಕಣ್ಣು ಮುಚ್ಚಿ ಒಂದು ಗಳಿಗೆ ಯೋಚಿಸುವುದು, "ಬೀ" ಅನ್ನುವುದು. ಕೊನೆಗೆ ಕೂಡಿಸಿ ನೋಡಿದರೆ ಅವರಿಗೆ ಕಾಲು ಭಾಗಕ್ಕಿಂತ ಒಂದಿಷ್ಟು ಜಾಸ್ತಿಯೇ ಬಂದಿತ್ತು. ರಸಾಯನಶಾಸ್ತ್ರದಲ್ಲಿ ನನ್ನದು ಅದರ ಆಸುಪಾಸೇ ಇದ್ದದ್ದು. "ದಾದಿಗೂ ಸೀಟು ಬರುತ್ತೆ ಕಣೇ" ಅಂತ ನಾವಿಬ್ಬರೂ ನೆಲದ ಮೇಲೆ ಉರುಳಾಡಿ ನಕ್ಕೆವು. ದಾದಿ ಮಾತ್ರ ಗಂಭೀರವಾಗಿ, "ನಾನು ಹೋಗಲ್ಲಪ್ಪ, ಹಾಸ್ಟೆಲ್ ಊಟ ನಂಗೆ ಆಗಲ್ಲ" ಅಂದುಬಿಟ್ಟರು.

ನಾಲ್ಕು ಉತ್ತರದ ಹುಚ್ಚು ನಮ್ಮ ಮನೆಗೂ ಬಂತು. ಅಮ್ಮ ಒಲೆ ಮುಂದೆ ಕೂತು, "ರಾತ್ರಿಗೇನು ಸಾರು ಮಾಡ್ಲೇ?" ಅಂದರೆ ನಾನು, "ಆಪ್ಷನ್ ಕೊಡಮ್ಮ" ಅನ್ನುತ್ತಿದ್ದೆ. ಮೊದಮೊದಲು ಅಮ್ಮನಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬಿಡಲಿಲ್ಲ. "ಎ, ಸೊಪ್ಪಿನ ಸಾರು. ಬಿ, ಸೊಪ್ಪಿನ ಸಾರು. ಸಿ, ಅದೇ ಸೊಪ್ಪು. ಡಿ, ಬಾಯಿ ಮುಚ್ಕೊಂಡು ಬಂದು ಸೊಪ್ಪು ಬಿಡಿಸು." ಅಪ್ಪ ಹುಳುವಿಗೆ ಸೊಪ್ಪು ಹಾಕುತ್ತಿದ್ದವರು ಕೈ ನಿಲ್ಲಿಸಿ ನಕ್ಕರು.

ಸಿಇಟಿ ಸೆಂಟರು ಕೋಲಾರದಲ್ಲಿ ಬಂತು. ಅಷ್ಟರಲ್ಲಿ ನಮ್ಮ ಮನೆಯಲ್ಲಿ ಹುಳು ಸೊಪ್ಪು ತಿನ್ನುವುದು ಬಿಟ್ಟು ಹಣ್ಣಾಗುವುದಕ್ಕೆ ಶುರುವಾಗಿತ್ತು. ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆ ಅನ್ನುವ ಬಿದಿರಿನ ತಟ್ಟಿಗೆ ಬಿಡುವ ಕೆಲಸ, ಒಂದು ಗಳಿಗೆ ಆಚೆ ಈಚೆ ಆದರೂ ಅಷ್ಟು ದಿನದ ದುಡಿಮೆ ಹೋಯಿತು. ಅಪ್ಪ ಬರುವ ಹಾಗಿರಲಿಲ್ಲ. ಅವಳಪ್ಪನಿಗೆ ಬೆಳಗಿನ ಗೂಡಿನ ಮಾರುಕಟ್ಟೆ. ಕೊನೆಗೆ ಎರಡೂ ಕಡೆಯಿಂದ ತಾಯಂದಿರೇ ಹೊರಟರು. ಅವಳ ತಾಯಿಯನ್ನು ಎಲ್ಲರೂ ಅಮ್ಮಿ ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ. ಅಮ್ಮಿ ಬುರ್ಖಾ ಹಾಕಿಕೊಂಡು, ತೊಡೆಯ ಮೇಲೆ ಒಂದು ದೊಡ್ಡ ಕ್ಯಾರಿಯರ್ ಇಟ್ಟುಕೊಂಡು ಕೂತರು. ನಮ್ಮಮ್ಮ ಪಕ್ಕದಲ್ಲಿ ಹುಳಿಯನ್ನದ ಡಬ್ಬಿ ಹಿಡಿದು ಕೂತರು. ಇಬ್ಬರಿಗೂ ಪರಸ್ಪರ ಭಾಷೆ ಅರ್ಧಂಬರ್ಧ. ಬಸ್ಸು ಶಿಡ್ಲಘಟ್ಟ ಬಿಡುವ ಮೊದಲೇ ಮಾತು ಶುರುವಾಗಿ ಕೋಲಾರದವರೆಗೂ ನಿಲ್ಲಲಿಲ್ಲ. ಚಿಂತಾಮಣಿ ಹತ್ತಿರವಾಗುತ್ತಿದ್ದಂತೆ ಅಂಬಾಜಿದುರ್ಗ ಕಂಡಿತು. ನನ್ನ ಗೆಳತಿ ಕೂಡಲೇ, "ಆ ಬೆಟ್ಟದ ಎತ್ತರ ಎಷ್ಟು? ಎ..." ಅಂತ ಶುರುಮಾಡಿದಳು. ಹಿಂದಿನ ಸೀಟಿನ ಯಜಮಾನರೊಬ್ಬರು, "ಹತ್ತಿ ನೋಡಮ್ಮ, ಗೊತ್ತಾಗುತ್ತೆ" ಅಂದರು. ನಗು ತಡೆಯಲಾರದೆ ನಾವು ಮುಂದಿನ ಸೀಟಿನ ಕಂಬಿಗೆ ಹಣೆ ಒತ್ತಿಕೊಂಡು ಕೂತೆವು.

ಗಣಿತದ ಪರೀಕ್ಷೆಯಲ್ಲಿ ನಾನು ಹಾರಿದೆ. ಬೇರೆ ಪದವೇ ಇಲ್ಲ. ಪ್ರಶ್ನೆ ನೋಡಿದೆ, ಗುಂಡಿಗೆ ಕಪ್ಪು ತುಂಬಿಸಿದೆ, ಮುಂದಿನದು. ಮೈಯೆಲ್ಲ ಹಗುರವಾಗಿತ್ತು, ಮೊದಲ ಸಲ ನನ್ನನ್ನು ಯಾರೂ ದಾರಿ ತೋರಿಸು ಅನ್ನುತ್ತಿರಲಿಲ್ಲ. ಮುಗಿಸಿ ತಲೆ ಎತ್ತಿದಾಗ ಎರಡು ಸಾಲು ಮುಂದೆ ಅವಳ ಬೆನ್ನು ಕಂಡಿತು. ಪ್ರಶ್ನೆಪತ್ರಿಕೆಯ ಖಾಲಿ ಜಾಗದಲ್ಲಿ ಸ್ಟೆಪ್ ಸ್ಟೆಪ್ ಆಗಿ ಬರೆಯುತ್ತಿದ್ದಳು. ಸ್ಕೇಲೂ ಕೈಯಲ್ಲಿತ್ತು. ಉತ್ತರದ ಕೆಳಗೆ ಎರಡು ಗೆರೆ ಎಳೆಯುತ್ತಿದ್ದಳು! ಯಾರೂ ನೋಡದ ಆ ಹಾಳೆಯಲ್ಲಿ! ಬೆಲ್ ಹೊಡೆಯಿತು. ಅವಳ ಕೊನೆಯ ಪುಟ ಹಾಗೇ ಉಳಿಯಿತು.

ಹೊರಗೆ ಬಂದವಳು ಬೇವಿನ ಮರದ ಕೆಳಗೆ ನಿಂತು, "ದಾದಿ ಬಂದಿದ್ರೂ ನನಗಿಂತ ಜಾಸ್ತಿ ತಗೊಳ್ತಿದ್ರು" ಅಂದಳು. ಅಂದು ನಕ್ಕಳು. ನಗುತ್ತಾ ಅತ್ತಳು. ನಾನು ಅವಳ ಕೈ ಹಿಡಿದೆ. ಅಮ್ಮಿ ಬಂದು ಕ್ಯಾರಿಯರ್ ಬಿಚ್ಚಿ, "ತಿಂದ್ಬಿಟ್ಟು ಅಳು ಬೇಟಾ" ಅಂದರು. ಅವಳು ಹಾಗೇ ಮಾಡಿದಳು, ಮೊದಲು ತಿಂದಳು. ಅಳು ಮರೆತೇಹೋಯಿತು.

ಪಿಯುಸಿ ರಿಸಲ್ಟು ಬಂದಾಗ ಕಾಲೇಜಿಗೇ ಅವಳು ಮೊದಲು. ಅವರ ಬೀದಿಯಲ್ಲಿ ಎಲ್ಲರಿಗೂ ಜಿಲೇಬಿ. ನನ್ನದು ಹೇಳಿಕೊಳ್ಳುವ ಹಾಗಿರಲಿಲ್ಲ. ಫಸ್ಟ್ ಕ್ಲಾಸು ಅನ್ನಬಹುದಿತ್ತು, ಅಷ್ಟೇ. ಗಣಿತದಲ್ಲಂತೂ ದಾರಿ ತೋರಿಸದ್ದಕ್ಕೆ ಸಿಕ್ಕಾಪಟ್ಟೆ ಅಂಕ ಕಿತ್ತುಕೊಂಡಿದ್ದರು. ಮೇಲೂರಿನ ಹೆಂಗಸರು ನಮ್ಮಮ್ಮನಿಗೆ, "ಹೋಗ್ಲಿ ಬಿಡಮ್ಮ, ಹೆಣ್ಣು ಮಗು ತಾನೆ" ಅಂತ ಸಮಾಧಾನ ಹೇಳಿ ಹೋದರು. ಅವರು ಹೋದ ಮೇಲೆ ಅಮ್ಮ, "ಅದೇನು ಸಮಾಧಾನವೋ" ಅಂತ ಗೊಣಗಿದರು.

ಆಮೇಲೆ ಸಿಇಟಿ ರಿಸಲ್ಟು ಬಂತು. ಅದರಲ್ಲಿ ತಿರುವುಮುರುವು. ನನ್ನ ಅಂಕ ನೋಡಿ ಗಣಿತದ ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಅವಳದು ನೋಡಿ ಅದನ್ನು ಇನ್ನೊಮ್ಮೆ ಒರೆಸಿದರು. ಅರ್ಧಕ್ಕೆ ಅರ್ಧ ಕೂಡಿಸಿದ ರ‍್ಯಾಂಕು ನೋಡಿದಾಗ ಮಾತ್ರ ಅವರಿಗೆ ನಗು ತಡೆಯಲಾಗಲಿಲ್ಲ. ಇಬ್ಬರದೂ ಮೂರು ಸಾವಿರದ ಚಿಲ್ಲರೆ, ನಡುವೆ ಬೆರಳೆಣಿಕೆಯಷ್ಟು ಜನ. "ಅಲ್ರಮ್ಮ, ನಿಮ್ಮಿಬ್ಬರನ್ನೂ ಕೂಡಿಸಿದ್ರೆ ಒಳ್ಳೆ ಒಬ್ಬ ಹುಡುಗಿ ಆಗ್ತಾಳೆ ಕಣ್ರಮ್ಮ!"

ವಾಪಸು ನಡೆದು ಬರುವಾಗ ಅವಳು ಕೇಳಿದಳು, "ಯಾವುದು ನಿಜ ಹೇಳು? ಅದಾ, ಇದಾ?"

"ಅಂದ್ರೆ?"

"ಬುದ್ಧಿವಂತೆ ಅಂತ ಅರ್ಧ ಸರ್ಕಾರ ಹೇಳ್ತು, ದಡ್ಡಿ ಅಂತ ಇನ್ನರ್ಧ ಹೇಳ್ತು. ನಾನು ಯಾರ ಮಾತು ಕೇಳ್ಲಿ?"

ನನಗೂ ಹಾಗೇ ಆಗಿತ್ತಲ್ಲ, ಹಿಂದುಮುಂದಾಗಿ ಅಷ್ಟೇ. ಎರಡು ವರ್ಷ ಅವಳು ಕೂತು ಕಲಿತದ್ದು ಆ ಒಂದೆರಡು ಗಂಟೆಯಲ್ಲಿ ಎಲ್ಲಿ ಹೋಯಿತು? ನನಗೆ ಎಲ್ಲಿಂದ ಬಂತು? ಆ ಕ್ಷಣ ಸ್ವಲ್ಪ ಭಾರವಾಯಿತು. ಆದರೆ ಅವಳೇ ಮುಂದೆ ಎರಡು ಹೆಜ್ಜೆ ಕುಣಿದು, "ಹೋಗ್ಲಿ ಬಾ, ಪಕ್ಕಪಕ್ಕ ಬಂದಿದೀವಲ್ಲ, ಬೇರೆ ಯಾರಿಗೆ ಹಿಂಗ್ ಬರುತ್ತೆ?" ಅಂದಳು. ಆ ವಾರವೆಲ್ಲ ನಾವು ಸಾವಿರ ಬಿಟ್ಟು, "ನಂದು ಮೂರು, ನಿಂದು ಮೂರು" ಅಂತ ಹೇಳಿಕೊಂಡು ತಿರುಗಿದೆವು.

ಅವಳಪ್ಪ ಒಂದೇ ಮಾತು ಹೇಳಿದರು. ಇಬ್ಬರೂ ಒಂದೇ ಕಾಲೇಜು, ಒಂದೇ ಹಾಸ್ಟೆಲ್ ಆದರೆ ಕಳಿಸುತ್ತೇನೆ, ಇಲ್ಲದಿದ್ದರೆ ಇಲ್ಲೇ ಡಿಗ್ರಿ. ಇತ್ತ ಮೇಲೂರಿನಲ್ಲಿ ನಮ್ಮಪ್ಪ ಯಾರನ್ನೂ ಕೇಳದೆ ಅದೇ ಮಾತು ಹೇಳಿದರು. ಹಾಗಾಗಿ ನನ್ನ ರ‍್ಯಾಂಕಿನಿಂದ ನನಗೊಬ್ಬಳಿಗೆ ಏನೂ ಪ್ರಯೋಜನವಿರಲಿಲ್ಲ, ಅವಳದರಿಂದ ಅವಳಿಗೂ ಇಲ್ಲ. ಎರಡೂ ಸೇರಿ ಒಂದೇ ಬಾಗಿಲು ತೆಗೆಯಬೇಕಿತ್ತು.

ಸೀಟು ಆರಿಸಿಕೊಳ್ಳುವ ಕೌನ್ಸೆಲಿಂಗು ಬೆಂಗಳೂರಿನಲ್ಲಿ. ಮತ್ತೆ ನಾವು ನಾಲ್ವರೇ ಹೊರಟೆವು. ಹೊರಗೆ ದೊಡ್ಡ ಶಾಮಿಯಾನ, ಅದರ ತುಂಬ ತಂದೆತಾಯಿಗಳು. ಅಲ್ಲಿ ಯಾರೂ ಯಾರ ಹೆಸರೂ ಕೇಳುತ್ತಿರಲಿಲ್ಲ. "ಎಷ್ಟು?" ಅನ್ನುತ್ತಿದ್ದರು. ರ‍್ಯಾಂಕು ಹೇಳಿದ ಮೇಲೆ ಇನ್ನೂ ಹತ್ತಿರ ಬರುವುದೋ, ದೂರ ಹೋಗುವುದೋ ಅಂತ ತೀರ್ಮಾನ ಮಾಡುತ್ತಿದ್ದರು. ನಾವಿಬ್ಬರೂ ಮಾರ್ಕ್ಸ್ ಕಾರ್ಡುಗಳನ್ನು ತೋರಿಸಿ ಬರಲು ಒಳಗೆ ಹೋದೆವು. ವಾಪಸು ಬಂದು ನೋಡಿದರೆ ನಮ್ಮ ತಾಯಂದಿರ ಸುತ್ತ ಜನ ಮುತ್ತಿಕೊಂಡಿದ್ದರು.

ಏನೋ ಅನಾಹುತ ಆಯಿತು ಅಂತ ಓಡಿದೆವು. ಹತ್ತಿರ ಹೋದರೆ ಅಮ್ಮಿ ಕುರ್ಚಿಯಲ್ಲಿ ಕೂತು ನಿಧಾನವಾಗಿ ಮಾತಾಡುತ್ತಿದ್ದರು. ಸಫಾರಿ ಹಾಕಿದ ಒಬ್ಬರು ಅವರಿಗೆ ಕಾಫಿ ತಂದುಕೊಟ್ಟಿದ್ದರು. ಒಬ್ಬ ಹೆಂಗಸು ಕೇಳುತ್ತಿದ್ದಳು, "ಮೂರನೇ ರ‍್ಯಾಂಕ್ ಬರೋಕೆ ಮಗಳಿಗೆ ಏನು ಊಟ ಕೊಡ್ತಿದ್ರಿ?"

ಅಮ್ಮಿ ಯೋಚಿಸಿ, "ನಮ್ದು ಮನೇಲಿ ಎಲ್ಲಾರ್ಗೂ ಏನು ಮಾಡ್ತೀವೋ ಅದೇ. ಬೆಳಿಗ್ಗೆ ರೊಟ್ಟಿ. ಮುದ್ದೆನೂ ತಿಂತಾಳೆ, ಇವ್ರ ಮನೇಗೆ ಹೋದ್ರೆ" ಅಂದರು.

"ಇವರ ಮಗಳಿಗೆ?"

"ಅವ್ಳಿಗೂ ಮೂರೇ. ಇಬ್ರೂಗೂ ಮೂರೇ ಬಂದೈತೆ."

ಸುತ್ತಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಟೈ ಆಗಿರಬೇಕು" ಅಂದರು ಯಾರೋ, ಮೆಲ್ಲಗೆ, ಭಕ್ತಿಯಿಂದ. ನನ್ನ ಗೆಳತಿ ನನ್ನ ತೋಳನ್ನು ಉಗುರು ಇಳಿಯುವ ಹಾಗೆ ಹಿಡಿದಳು. ಅಮ್ಮಿ ಸುಳ್ಳು ಹೇಳುತ್ತಿರಲಿಲ್ಲ. ವಾರವೆಲ್ಲ ನಮ್ಮ ಬಾಯಲ್ಲಿ ಕೇಳಿದ್ದನ್ನೇ ಹೇಳುತ್ತಿದ್ದರು.

ತೆಳ್ಳಗಿದ್ದ ಒಬ್ಬರಿಗೆ ಮಾತ್ರ ಅನುಮಾನ ಬಂತು. "ಮೂರನೇ ರ‍್ಯಾಂಕಿನವರಿಗೆ ಕೌನ್ಸೆಲಿಂಗ್ ಮೊದಲನೇ ದಿನವೇ ಮುಗಿದುಹೋಯ್ತಲ್ಲಮ್ಮ? ಇವತ್ತು ಬಂದಿದೀರಿ?"

ಇದಕ್ಕೆ ನಮ್ಮಮ್ಮ ತಲೆ ಎತ್ತಿ ಉತ್ತರ ಕೊಟ್ಟರು. "ಮೊದಲನೇ ದಿನ ನಮ್ಗೆ ಆಗ್ತಿರ್ಲಿಲ್ಲ ಸಾರ್. ಹುಳ ಹಣ್ಣಾಗಿದ್ವು."

ನಮಗೆ ಅಲ್ಲಿ ನಿಲ್ಲುವುದಕ್ಕೆ ಆಗಲಿಲ್ಲ. ಶಾಮಿಯಾನದ ಹಿಂದೆ ಓಡಿಹೋಗಿ ಹೊಟ್ಟೆ ಹಿಡಿದುಕೊಂಡು ಕೂತೆವು. ಸರಿಮಾಡಿ ಹೇಳೋಣ ಅಂತ ಎದ್ದಾಗಲೆಲ್ಲ ಮತ್ತೆ ನಗು ಬಂದು ಕೂರುತ್ತಿದ್ದೆವು. ಅಷ್ಟರಲ್ಲಿ ಮೈಕಿನಲ್ಲಿ ನಮ್ಮ ರ‍್ಯಾಂಕುಗಳವರನ್ನು ಕರೆದರು.

ಬಾಗಿಲಲ್ಲಿ ನಿಂತಿದ್ದವರು ಅವಳನ್ನು, "ಜೊತೆಗೆ ಯಾರು ಬಂದಿದಾರಮ್ಮ?" ಅಂತ ಕೇಳಿದರು. ಅವಳು ನನ್ನನ್ನು ತೋರಿಸಿದಳು. "ನಿನ್ನ ಜೊತೆ?" ನಾನು ಅವಳನ್ನು ತೋರಿಸಿದೆ. ಅವರು ನಿಟ್ಟುಸಿರು ಬಿಟ್ಟು ಇಬ್ಬರನ್ನೂ ಒಳಗೆ ಬಿಟ್ಟರು.

ಒಳಗೆ ಗೋಡೆಗೆ ಟಿವಿಗಳು. ಅದರಲ್ಲಿ ಕಾಲೇಜುಗಳ ಸಾಲು, ಪ್ರತಿಯೊಂದರ ಮುಂದೆ ಉಳಿದ ಸೀಟು. ಒಬ್ಬರು ಆರಿಸಿಕೊಂಡ ಕೂಡಲೇ ಅಂಕಿ ಕಣ್ಣೆದುರೇ ಒಂದು ಇಳಿಯುತ್ತಿತ್ತು. ಎಲ್ಲ ಕಡೆ ಸೊನ್ನೆಗಳು. ನಮಗೆ ಒಪ್ಪುವಂಥ, ಹಾಸ್ಟೆಲ್ ಇರುವ, ಕಡಿಮೆ ಫೀಸಿನ ಫ್ರೀ ಸೀಟುಗಳು ಎರಡೇ ಕಡೆ ಉಳಿದಿದ್ದವು. ಬೆಂಗಳೂರಿನ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್, ಒಂದು. ಮೈಸೂರಿನ ಒಂದು ಕಾಲೇಜಿನಲ್ಲಿ ಸಿವಿಲ್, ಎರಡು. ಅವಳಿಗೆ ಎಲೆಕ್ಟ್ರಾನಿಕ್ಸ್ ಅಂದರೆ ಇಷ್ಟ. ಮನೆಯ ಹಳೇ ರೇಡಿಯೋ ಬಿಚ್ಚಿ ಜೋಡಿಸಿದವಳು ಅವಳು. ಮಾತಾಡಿಕೊಳ್ಳುವ ಹೊತ್ತು ಇರಲಿಲ್ಲ, ಅವಳನ್ನು ಕರೆದಾಗಿತ್ತು.

ಮೇಜಿನ ಹಿಂದೆ ಕೂತಿದ್ದ ಅಧಿಕಾರಿಯ ಮುಂದೆ ಹೋಗಿ ನಿಂತಳು. ನನಗೆ ಅವಳ ಧ್ವನಿ ಸ್ಪಷ್ಟವಾಗಿ ಕೇಳಿಸಿತು.

"ಎರಡು ಇರೋದು ಕೊಡಿ ಸಾರ್."

"ಏನಮ್ಮ?"

"ಮೈಸೂರು ಸಿವಿಲ್. ಎರಡಿದೆಯಲ್ಲ, ಅದು."

"ನಿಂಗೆ ಎರಡು ಸೀಟು ಬೇಕಾ?"

"ಒಂದು ನಂಗೆ ಸಾರ್. ಇನ್ನೊಂದಕ್ಕೆ ಹಿಂದೆ ಬರ್ತಾ ಇದಾಳೆ."

ಅವರು ಕತ್ತು ಬಗ್ಗಿಸಿ ಸಾಲನ್ನು ನೋಡಿದರು. ನಾನು ಕೈ ಎತ್ತಿದೆ. ಟಿವಿಯಲ್ಲಿ ಎರಡು ಇದ್ದದ್ದು ಒಂದಾಯಿತು.

ಇನ್ನು ನಮ್ಮ ನಡುವೆ ಇದ್ದವರು. ಒಬ್ಬೊಬ್ಬರು ಎದ್ದಾಗಲೂ ನಾನು ಟಿವಿಯ ಆ ಒಂದರ ಮೇಲೇ ಕಣ್ಣಿಟ್ಟಿದ್ದೆ. ಮೊದಲನೆಯವನು ಎಲೆಕ್ಟ್ರಾನಿಕ್ಸ್ ತೆಗೆದುಕೊಂಡ, ಅದು ಸೊನ್ನೆಯಾಯಿತು. ಆಮೇಲಿನ ಹುಡುಗಿ ಅವಳ ಊರಿನ ಹತ್ತಿರದ್ದೇನೋ ಆರಿಸಿಕೊಂಡಳು. ಅದರ ನಂತರ ಒಬ್ಬ ಉದ್ದನೆಯ ಹುಡುಗ, ಜೊತೆಗೆ ಅವರಪ್ಪ. ಅಪ್ಪ, "ಮೈಸೂರು ಸಿವಿಲ್ ತಗೊಳೋ, ಅಜ್ಜಿ ಮನೆ ಇದೆ" ಅಂದರು. ಮಗ, "ಮೆಕ್ಯಾನಿಕಲ್ ಎಲ್ಲಿದ್ರೂ ಸರಿ" ಅಂದ. ಅಪ್ಪ ಬೆರಳು ತೋರಿಸಿ ಏನೋ ಹೇಳಿದರು. ಮಗ ತಲೆ ಅಲ್ಲಾಡಿಸಿದ. ಗೋಡೆಯ ಪಕ್ಕ ನಿಂತಿದ್ದ ನನ್ನ ಗೆಳತಿ ಎರಡೂ ಕೈಯೆತ್ತಿ ದುವಾ ಮಾಡುತ್ತಿದ್ದಳು, ಆ ಹುಡುಗನ ಹಟ ಗಟ್ಟಿಯಾಗಿರಲಿ ಅಂತ. ನಾನೂ ನನಗೆ ಗೊತ್ತಿದ್ದ ದೇವರುಗಳನ್ನೆಲ್ಲ ಅವನ ಪಕ್ಷಕ್ಕೆ ಕರೆದೆ. ಕೊನೆಗೆ ಅಪ್ಪ ಸೋತರು. ದೂರದ ಒಂದೂರಿನ ಮೆಕ್ಯಾನಿಕಲ್ ಒಂದು ಇಳಿಯಿತು. ಮೈಸೂರಿನ ಮುಂದೆ ಇನ್ನೂ ಒಂದು ಇತ್ತು.

ನನ್ನ ನಂಬರು ಕರೆಯುವ ಮೊದಲೇ ನಾನು ಮೇಜಿನ ಹತ್ತಿರ ಇದ್ದೆ. ಅಧಿಕಾರಿ, "ಗೊತ್ತಮ್ಮ, ಗೊತ್ತು. ಉಸಿರಾಡು" ಅಂದರು. ಅಂಕಿ ಸೊನ್ನೆಯಾಯಿತು. ನಾವಿಬ್ಬರೂ ಕಿರುಚಿದ ಸದ್ದಿಗೆ ಇಡೀ ಹಾಲ್ ತಿರುಗಿ ನೋಡಿತು. "ಇದು ಸರ್ಕಾರಿ ಜಾಗ ಕಣ್ರಮ್ಮ!" ಅಂತ ಅವರು ಗದರಿಸಿದರು, ಆದರೆ ಮೀಸೆಯ ಕೆಳಗೆ ನಗುತ್ತಿದ್ದರು.

ಶಾಮಿಯಾನದಲ್ಲಿ ಅಮ್ಮಿಯ ಭಕ್ತರು ಇನ್ನೂ ಕಾಯುತ್ತಿದ್ದರು. "ಮೂರನೇ ರ‍್ಯಾಂಕಿನವರು ಏನು ತಗೊಂಡ್ರಿ?" ಅಂತ ಮುತ್ತಿದರು. "ಮೈಸೂರು ಸಿವಿಲ್" ಅಂದೆವು. ಸಫಾರಿಯವರು ಪಕ್ಕದವರಿಗೆ ಪಿಸುಗುಟ್ಟಿದರು, "ನೋಡಿ, ಮುಂದೆ ಸಿವಿಲ್‌ಗೇ ಸ್ಕೋಪ್ ಇರ್ಬೇಕು. ಇವರಿಗೆ ಏನೋ ಗೊತ್ತಿದೆ." ನನ್ನ ಗೆಳತಿ ಆಗ ಧೈರ್ಯ ಮಾಡಿ, "ಅಂಕಲ್, ಮೂರಲ್ಲ, ಮೂರು ಸಾವಿರ" ಅಂದಳು. ಅವರು ಅದನ್ನೂ ವಿನಯ ಅಂದುಕೊಂಡು ಅವಳ ತಲೆ ನೇವರಿಸಿದರು.

ಮೈಸೂರಿಗೆ ಹೋದ ಮೊದಲ ವಾರ ಹಾಸ್ಟೆಲಿನ ಸೀನಿಯರುಗಳು ಎಲ್ಲರ ರ‍್ಯಾಂಕು ಕೇಳಿದರು. ಆಮೇಲೆ ಯಾರೂ ಕೇಳಲಿಲ್ಲ. ಅಲ್ಲಿ ಬರೆಯುವ ಪರೀಕ್ಷೆಗಳಲ್ಲಿ ಅವಳು ಮುಂದಿದ್ದಳು, ನಾನು ಅವಳ ಹಿಂದೆ ಕೂತು ಕೊನೆಗೂ ಸ್ಟೆಪ್ಸ್ ಬರೆಯುವುದನ್ನು ಕಲಿತೆ. ಅವಳು ನನ್ನಿಂದ ಬೇಗ ಮುಗಿಸುವುದನ್ನು ಕಲಿತಳೋ ಇಲ್ಲವೋ, ಈಗಲೂ ಹೇಳಲಾರೆ. ಈಗ ಅವಳು ಸೇತುವೆ ಕಟ್ಟಿಸುವ ಕೆಲಸದಲ್ಲಿದ್ದಾಳೆ, ಆ ಕೆಲಸದಲ್ಲಿ ಅವಸರ ಇಲ್ಲದಿರುವುದೇ ಒಳ್ಳೆಯದು.

ಅಲ್ಲಿನ ದಿನಗಳಲ್ಲಿ ನನಗೆ ಹೆಚ್ಚು ನೆನಪಾಗುವುದು ಮೊದಲ ಸರ್ವೆ ಕ್ಲಾಸು. ಕಾಲೇಜಿನ ಹಿಂದಿನ ಮೈದಾನ, ನೆತ್ತಿ ಸುಡುವ ಬಿಸಿಲು. ಅವಳು ಅಳತೆಯ ಉದ್ದ ಕೋಲು ಹಿಡಿದುಕೊಂಡು ಮೈದಾನದ ಆ ತುದಿಗೆ ಹೋಗಿ ನಿಂತಳು. ನಾನು ಈ ತುದಿಯಲ್ಲಿ, ಮುಕ್ಕಾಲಿಯ ಮೇಲೆ ನಿಲ್ಲಿಸಿದ್ದ ಅಳತೆಯ ದುರ್ಬೀನಿಗೆ ಕಣ್ಣಿಟ್ಟೆ. ಆ ಹಳೇ ಉಪಕರಣದಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಆಕಾಶ ಕೆಳಗಿತ್ತು, ಹುಲ್ಲು ಮೇಲಿತ್ತು, ಹುಲ್ಲಿನಿಂದ ನನ್ನ ಗೆಳತಿ ಜೋತುಬಿದ್ದಿದ್ದಳು, ದುಪಟ್ಟಾ ಮೇಲ್ಮುಖವಾಗಿ ಹಾರುತ್ತಿತ್ತು. "ಓದೇ ಅಳತೆ!" ಅಂತ ಅಲ್ಲಿಂದ ಕೂಗಿದಳು. ನನಗೆ ಉಸಿರು ಹಿಡಿಯುವಷ್ಟು ನಗು. ನಾನು ಯಾಕೆ ನಗುತ್ತಿದ್ದೇನೆ ಅಂತ ಗೊತ್ತಿಲ್ಲದಿದ್ದರೂ ಅವಳೂ ಅಲ್ಲಿ, ತಲೆಕೆಳಗಾಗಿ, ಕೋಲಿಗೆ ಒರಗಿ ನಗತೊಡಗಿದಳು.